ಗಾಂಜಾ ಕಾನೂನುಬದ್ಧ ಆಗಬೇಕಾ? ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾಂಜಾ ಮಾತು ಬಂದರೆ ನಮ್ಮ ಕಡೆ ಎರಡೇ ಗುಂಪು. ಒಂದು ಗುಂಪು "ಹಿಡಿದು ಒಳಗೆ ಹಾಕ್ರಿ" ಅನ್ನುತ್ತದೆ. ಇನ್ನೊಂದು "ಸಾಧುಗಳು ಸೇದಲ್ವಾ, ಅದೇನು ಮಹಾ" ಅನ್ನುತ್ತದೆ. ಕಾನೂನಿನಲ್ಲಿ ಏನಿದೆ ಅಂತ ಎರಡೂ ಕಡೆಯವರಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಹುಡುಗರು, ಅವರ ತಾಯಂದಿರು, ಹೊಲ ಇರುವವರು ಮತ್ತೆ ಮತ್ತೆ ಕೇಳುವುದನ್ನೆಲ್ಲ ಇಲ್ಲಿ ಒಂದು ಕಡೆ ಹಾಕಿದ್ದೇನೆ. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಸೇದುವವನನ್ನು ಜೈಲಿಗೆ ಕಳಿಸಬಾರದು, ಅಂಗಡಿ ಇಟ್ಟು ಮಾರಲೂ ಬಾರದು. ಇವೆರಡು ಬೇರೆ ಬೇರೆ ಪ್ರಶ್ನೆ. ಎರಡನ್ನೂ ಒಂದೇ ಗಂಟು ಕಟ್ಟಿ ಜಗಳ ಆಡುವುದರಿಂದಲೇ ಮಾತು ಮುಂದಕ್ಕೆ ಹೋಗುತ್ತಿಲ್ಲ. ಕೇಸು ಈಗಾಗಲೇ ಬಿದ್ದಿದ್ದರೆ ಇದನ್ನು ಓದುತ್ತಾ ಕೂರಬೇಡಿ, ವಕೀಲರ ಹತ್ತಿರ ಹೋಗಿ.

ಕಾನೂನುಬದ್ಧ ಮಾಡಿ ಅನ್ನುವವರು ಕೇಳುತ್ತಿರುವುದು ಏನನ್ನು? ಬೀಡಿ ಅಂಗಡಿಯಲ್ಲಿ ಮಾರೋದನ್ನಾ?

ಕೆಲವರು ಅದನ್ನೇ ಕೇಳುತ್ತಾರೆ, ಹೆಚ್ಚಿನವರು ಅಲ್ಲ. ಇದರಲ್ಲಿ ನಾಲ್ಕು ಬೇಡಿಕೆ ಇವೆ. ಔಷಧಿಗೆ ಬಿಡಿ ಅನ್ನುವುದು ಒಂದು. ನಾರು, ಬೀಜಕ್ಕಾಗಿ ಬೆಳೆಯಲು ಬಿಡಿ ಅನ್ನುವುದು ಇನ್ನೊಂದು. ಸ್ವಂತಕ್ಕೆ ಸೇದುವವನ ಮೇಲೆ ಕ್ರಿಮಿನಲ್ ಕೇಸು ಬೇಡ ಅನ್ನುವುದು ಮೂರನೆಯದು. ಲೈಸೆನ್ಸ್ ಕೊಟ್ಟು ಮಾರಾಟಕ್ಕೇ ಬಿಡಿ ಅನ್ನುವುದು ನಾಲ್ಕನೆಯದು.

ಪೋರ್ಚುಗಲ್ 2001ರಲ್ಲಿ ಮೂರನೆಯದನ್ನು ಮಾಡಿತು. ಅಲ್ಲಿ ಮಾರುವವನು ಈಗಲೂ ಅಪರಾಧಿ. ಸ್ವಲ್ಪ ಇಟ್ಟುಕೊಂಡವನನ್ನು ಮಾತ್ರ ಕೋರ್ಟಿನ ಬದಲು ಒಂದು ಸಮಿತಿಯ ಮುಂದೆ ಕೂರಿಸುತ್ತಾರೆ. ಉರುಗ್ವೆ 2013ರಲ್ಲಿ, ಕೆನಡಾ 2018ರಲ್ಲಿ ನಾಲ್ಕನೆಯದಕ್ಕೇ ಹೋದವು. ನೆದರ್‌ಲೆಂಡ್ಸ್‌ನದು ಇನ್ನೂ ವಿಚಿತ್ರ. ಅಲ್ಲಿನ ಕಾಫಿ ಶಾಪ್‌ಗಳಲ್ಲಿ ಸಿಗುತ್ತದೆ, ಆದರೆ ಪುಸ್ತಕದಲ್ಲಿ ಅದು ಇವತ್ತಿಗೂ ಅಪರಾಧವೇ, ಸರ್ಕಾರ ಕಣ್ಣು ಮುಚ್ಚಿಕೊಂಡಿದೆ ಅಷ್ಟೆ. ಆದ್ದರಿಂದ ಯಾರಾದರೂ "ಫಾರಿನ್‌ನಲ್ಲಿ ಲೀಗಲ್" ಅಂದರೆ ಯಾವ ದೇಶ, ಯಾವ ಥರದ ಲೀಗಲ್ ಅಂತ ಮೊದಲು ಕೇಳಿ.

ನಮ್ಮಲ್ಲಿ ಈಗ ಕಾನೂನು ಏನಿದೆ?

1985ರ ಎನ್‌ಡಿಪಿಎಸ್ ಕಾಯ್ದೆ. ಅಂದರೆ ಮಾದಕ ವಸ್ತುಗಳ ಕಾಯ್ದೆ. ಇದು ಕೇಂದ್ರದ್ದು, ದೇಶಕ್ಕೆಲ್ಲ ಒಂದೇ. ಇದರಲ್ಲಿ ತೂಕವೇ ಎಲ್ಲವನ್ನೂ ತೀರ್ಮಾನ ಮಾಡುತ್ತದೆ. ಗಾಂಜಾ 1 ಕಿಲೋವರೆಗೆ ಇದ್ದರೆ ಸಣ್ಣ ಪ್ರಮಾಣ, ಒಂದು ವರ್ಷದವರೆಗೆ ಜೈಲು ಅಥವಾ 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. 1 ಕಿಲೋ ದಾಟಿ ವಾಣಿಜ್ಯ ಪ್ರಮಾಣಕ್ಕಿಂತ ಕಡಿಮೆ ಇದ್ದರೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣ ಅಂದರೆ 20 ಕಿಲೋಗಿಂತ ಹೆಚ್ಚು. ಅದಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ. ಕನಿಷ್ಠ ಅಂತ ಕಾಯ್ದೆಯಲ್ಲೇ ಬರೆದಿರುವುದರಿಂದ ಜಡ್ಜ್‌ಗೆ ಪಾಪ ಅನಿಸಿದರೂ ಕಡಿಮೆ ಮಾಡುವ ಹಾಗಿಲ್ಲ. ಆ ತೂಕದ ಕೇಸಿನಲ್ಲಿ ಜಾಮೀನೂ ಸುಲಭಕ್ಕೆ ಇಲ್ಲ. 37ನೇ ಕಲಂ ಪ್ರಕಾರ, ಇವನು ತಪ್ಪು ಮಾಡಿಲ್ಲ ಅಂತ ನಂಬಲು ಕಾರಣ ಇದೆ ಎಂದು ಕೋರ್ಟಿಗೇ ಅನಿಸಬೇಕು, ವಿಚಾರಣೆ ಇನ್ನೂ ಶುರುವಾಗುವ ಮೊದಲೇ!

ಗಿಡದ ಅಂಟಿನಿಂದ ಮಾಡುವ ಚರಸ್ ಆದರೆ ಲೆಕ್ಕ ಬೇರೆ, 100 ಗ್ರಾಂವರೆಗೆ ಸಣ್ಣ ಪ್ರಮಾಣ, 1 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಸೇದಿದ್ದಕ್ಕೇ ಬೇರೆ ಕಲಂ ಇದೆ, 27ನೆಯದು. ಗಾಂಜಾಗೆ ಆರು ತಿಂಗಳವರೆಗೆ ಜೈಲು ಅಥವಾ 10 ಸಾವಿರದವರೆಗೆ ದಂಡ, ಅಥವಾ ಎರಡೂ. ಅಂದರೆ ಕೈಯಲ್ಲಿ ಪೊಟ್ಟಣ ಇಲ್ಲದಿದ್ದರೂ ಕೇಸು ಆಗಬಹುದು.

ಭಂಗಿ ತಪ್ಪಲ್ಲ, ಗಾಂಜಾ ತಪ್ಪು. ಒಂದೇ ಗಿಡ ಅಲ್ವಾ ಇದು?

ಒಂದೇ ಗಿಡ. ಕಾಯ್ದೆ ಹಿಡಿದಿರುವುದು ಗಿಡದ ತುದಿಯ ಹೂ-ಕಾಯಿ ಗೊಂಚಲನ್ನು ಮತ್ತು ಅಂಟನ್ನು. ಗೊಂಚಲು ಇಲ್ಲದ ಬರೀ ಎಲೆ, ಬರೀ ಬೀಜ ಗಾಂಜಾದ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಅಮಲು ಬರಿಸುವ ಟಿಎಚ್‌ಸಿ ಅನ್ನುವ ಅಂಶ ಹೂವಿನಲ್ಲಿ ಜಾಸ್ತಿ, ಎಲೆಯಲ್ಲಿ ಕಡಿಮೆ. ಮಾದಕ ವಸ್ತುಗಳ ಬಗ್ಗೆ ಆದ 1961ರ ಅಂತರರಾಷ್ಟ್ರೀಯ ಒಪ್ಪಂದದಲ್ಲೇ ಎಲೆ-ಬೀಜ ಹೊರಗೆ ಉಳಿದವು. ಹೋಳಿ, ಶಿವರಾತ್ರಿಯ ಭಾಂಗ್ (ಎಲೆ ಅರೆದು ಮಾಡುವ ಭಂಗಿ) ಬಚಾವಾದದ್ದು ಹಾಗೆ.

2022ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ 29 ಕಿಲೋ ಭಾಂಗ್ ಕೇಸಿನಲ್ಲಿ ಒಬ್ಬನಿಗೆ ಜಾಮೀನು ಕೊಟ್ಟಿತು. ಭಾಂಗ್ ಈ ಕಾಯ್ದೆಯಲ್ಲಿ ಬರುತ್ತದೆ ಅಂತ ತೋರಿಸಲು ಏನೂ ಇಲ್ಲ ಅಂತ ಹೇಳಿತು. ಸುದ್ದಿ ಬಂದ ಕೂಡಲೇ "ಭಾಂಗ್ ಫ್ರೀ" ಅಂತ ವಾಟ್ಸಾಪ್‌ನಲ್ಲಿ ಹರಿದಾಡಿತು. ಹಾಗಲ್ಲ. ಅದು ಜಾಮೀನಿನ ಆದೇಶ. ಜೊತೆಗೆ ರಾಜ್ಯದ ಅಬಕಾರಿ ಕಾಯ್ದೆ ಅಂತ ಇನ್ನೊಂದು ಇದೆ, ಅಮಲಿನ ವಸ್ತುಗಳಲ್ಲಿ ಅದು ಎಲೆಯನ್ನೂ ಸೇರಿಸಿಕೊಂಡಿದೆ. ಇನ್ನು ಮಕ್ಕಳ ಕೈಗೆ ಸಿಗುವ ಭಂಗಿ ಚಾಕೊಲೇಟ್ ಇದೆಯಲ್ಲ, ಅದರಲ್ಲಿ ಎಲೆ ಇದೆಯೋ ಹೂ ಇದೆಯೋ ಮಾರುವವನಿಗೇ ಗೊತ್ತಿರುವುದಿಲ್ಲ. ಅದರಿಂದ ದೂರ ಇರಿ.

ಮೊದಲು ಇಂಥ ನಿಷೇಧ ಇರಲಿಲ್ಲ ಅಂತಾರೆ. ನಿಜಾನಾ?

ನಿಜ. 1985ಕ್ಕಿಂತ ಮುಂಚೆ ಇದು ಬಹುಪಾಲು ಅಬಕಾರಿ ಲೆಕ್ಕದ ವಸ್ತು, ಎಷ್ಟೋ ಕಡೆ ಲೈಸೆನ್ಸ್ ಅಂಗಡಿಗಳೇ ಇದ್ದವು. ಬ್ರಿಟಿಷರಿಗೂ ಇದೇ ಅನುಮಾನ ಬಂದಿತ್ತು, ಗಾಂಜಾದಿಂದ ಜನ ಹುಚ್ಚರಾಗುತ್ತಾರಾ, ನಿಷೇಧಿಸಬೇಕಾ ಅಂತ. 1893-94ರಲ್ಲಿ ಒಂದು ಆಯೋಗ ಮಾಡಿದರು. ಅದು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ ಹಲವು ಸಂಪುಟ ಬರೆದು ಕೊನೆಗೆ ಹೇಳಿದ್ದು, ಮಿತವಾಗಿ ಬಳಸಿದರೆ ದೊಡ್ಡ ಹಾನಿ ಕಾಣುವುದಿಲ್ಲ, ಅತಿಯಾದರೆ ಕೆಟ್ಟದ್ದು, ನಿಷೇಧ ಬೇಡ, ತೆರಿಗೆ ಮತ್ತು ಲೈಸೆನ್ಸ್ ಸಾಕು. ಬ್ರಿಟಿಷರಿಗೆ ತೆರಿಗೆ ಆಸೆ ಇತ್ತು ಅನ್ನೋದನ್ನೂ ಮರೆಯಬೇಡಿ. ಆದರೂ ಅಷ್ಟು ತಾಳ್ಮೆಯಿಂದ ಇಲ್ಲಿ ಮತ್ತೆ ಯಾರೂ ಕೇಳಿಲ್ಲ.

1961ರ ಒಪ್ಪಂದಕ್ಕೆ ಭಾರತ ಸೇರಿತು. ಹಳೇ ಬಳಕೆ ನಿಲ್ಲಿಸಲು 25 ವರ್ಷ ಗಡುವು ಸಿಕ್ಕಿತು. ಆ ಗಡುವು ಹತ್ತಿರ ಬಂದಾಗ 1985ರ ಕಾಯ್ದೆ ಬಂತು. ವಿಶ್ವಸಂಸ್ಥೆಯ ಆಯೋಗ 2020ರ ಡಿಸೆಂಬರ್‌ನಲ್ಲಿ ಗಾಂಜಾವನ್ನು ಆ ಒಪ್ಪಂದದ ಅತಿ ಅಪಾಯದ ನಾಲ್ಕನೇ ಪಟ್ಟಿಯಿಂದ ತೆಗೆಯಿತು. 27 ದೇಶ ಪರ, 25 ವಿರುದ್ಧ, ಭಾರತ ಪರವಾಗಿ ಮತ ಹಾಕಿತು. ಇದನ್ನೇ ಹಿಡಿದು "ಯುಎನ್ ಲೀಗಲ್ ಮಾಡಿತು" ಅನ್ನುವವರಿದ್ದಾರೆ. ಇಲ್ಲ, ಮೊದಲನೇ ಪಟ್ಟಿಯಲ್ಲಿ ಅದು ಇನ್ನೂ ಇದೆ, ನಿಯಂತ್ರಣವೂ ಇದೆ.

ತೊಗರಿ ಹೊಲದಲ್ಲಿ ಗಾಂಜಾ ಸಿಕ್ಕಿತು ಅಂತ ಪ್ರತಿ ವರ್ಷ ಓದುತ್ತೇವೆ. ತೊಗರಿಯಲ್ಲೇ ಯಾಕೆ?

ಎತ್ತರಕ್ಕೆ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ದೀಪಾವಳಿ ಹೊತ್ತಿಗೆ ಆಳೆತ್ತರ ಬಂದು ಸಾಲು ಮುಚ್ಚಿಕೊಳ್ಳುತ್ತದೆ. ನಡುವೆ ಹತ್ತು ಗಿಡ ಬೇರೆ ಇದ್ದರೆ ಬದುವಿನ ಮೇಲೆ ನಿಂತವನಿಗೆ ಕಾಣುವುದಿಲ್ಲ. ಹತ್ತಿರ ಹೋದರೆ ಸುಲಭ. ತೊಗರಿಗೆ ಒಂದು ತೊಟ್ಟಿಗೆ ಮೂರು ಎಲೆ, ಅಂಚು ನುಣುಪು. ಗಾಂಜಾಗೆ ಐದೋ ಏಳೋ ಉದ್ದ ಬೆರಳು, ಅಂಚಿಗೆ ಗರಗಸದ ಹಲ್ಲು. ಪುಂಡಿ ಗಿಡ ದೂರದಿಂದ ಸ್ವಲ್ಪ ಹೀಗೇ ಕಂಡು ಮೋಸ ಮಾಡುತ್ತದೆ, ಎಲೆ ಬಾಯಿಗೆ ಹಾಕಿದರೆ ಹುಳಿ, ಅಲ್ಲಿಗೆ ಮುಗಿಯಿತು. ಗಾಂಜಾ ಹೂ ಬಿಟ್ಟ ಮೇಲೆ ಮುಚ್ಚಿಡೋದು ಕಷ್ಟ, ಗಾಳಿ ಬೀಸಿದ ಕಡೆ ಘಾಟು ವಾಸನೆ ಬರುತ್ತದೆ. ಪೊಲೀಸರು, ಅಬಕಾರಿಯವರು ಚಳಿಗಾಲದಲ್ಲೇ ಹೊಲಕ್ಕೆ ಇಳಿಯುವುದು ಇದೇ ಕಾರಣಕ್ಕೆ.

ಆಸೆ ಯಾಕೆ ಹುಟ್ಟುತ್ತದೆ ಅಂತಲೂ ಹೇಳಬೇಕು. 2022ರಲ್ಲಿ ನೆಟೆ ರೋಗ ಬಂದು ಕಲಬುರಗಿ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಬೆಳೆ ಬಂದ ವರ್ಷ ರೇಟು ಬೀಳುತ್ತದೆ. 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅದೇ ಗಾಂಜಾ ಸಿಕ್ಕ ಸುದ್ದಿಯಲ್ಲಿ ಲಕ್ಷ, ಕೋಟಿ ಲೆಕ್ಕ ಬರುತ್ತದೆ. ಆದರೆ ಆ "ಮೌಲ್ಯ" ಪಟ್ಟಣದ ಪೊಟ್ಟಣದ ರೇಟಿಗೆ ಹಾಕಿದ ಲೆಕ್ಕ. ಬೆಳೆದವನಿಗೆ ಅದರ ಚೂರು ಸಿಗುತ್ತದೆ, ಜೈಲು ಮಾತ್ರ ಪೂರ್ತಿ ಸಿಗುತ್ತದೆ.

ಒಂದು ಮುಖ್ಯ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಬೆಳೆಯುವುದಕ್ಕೆ "ಸಣ್ಣ ಪ್ರಮಾಣ" ಅನ್ನುವ ರಿಯಾಯಿತಿ ಇಲ್ಲ. ಎರಡು ಗಿಡ ಇರಲಿ, ಇನ್ನೂರು ಇರಲಿ, ಕಲಂ ಒಂದೇ. 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಬೆಂಗಳೂರಿನಲ್ಲಿ 900 ಗ್ರಾಂ ಇಟ್ಟುಕೊಂಡವನಿಗೆ ಹೆಚ್ಚೆಂದರೆ ಒಂದು ವರ್ಷ, ಆಳಂದದಲ್ಲಿ ಎರಡು ಗಿಡ ಬೆಳೆದವನಿಗೆ ಹತ್ತು ವರ್ಷದವರೆಗೆ. ನನಗೆ ಈ ಕಾಯ್ದೆಯಲ್ಲಿ ಅತಿ ಅನ್ಯಾಯ ಅನಿಸುವುದು ಇದೇ. ಚರ್ಚೆ ಮಾಡುವವರು ಇದರ ಬಗ್ಗೆ ಬಾಯಿ ಬಿಡುವುದಿಲ್ಲ, ಯಾಕೆಂದರೆ ಚರ್ಚೆ ಮಾಡುವವರ ಹೆಸರಲ್ಲಿ ಪಹಣಿ ಇರುವುದಿಲ್ಲ.

ಹೊಲ ಲಾವಣಿಗೆ (ಗೇಣಿಗೆ) ಕೊಟ್ಟಿದ್ದೇನೆ. ಅವನು ಬೆಳೆದರೆ ನನ್ನ ಮೇಲೂ ಬರುತ್ತಾ?

ಬರಬಹುದು. ಪಹಣಿಯಲ್ಲಿ ಹೆಸರು ನಿಮ್ಮದು, ಮೊದಲು ಕೇಳುವುದು ನಿಮ್ಮನ್ನೇ. ಗೊತ್ತಿದ್ದೂ ಸುಮ್ಮನಿದ್ದರೆ 46ನೇ ಕಲಂ ಇದೆ. ನಿಮ್ಮ ಜಮೀನಿನಲ್ಲಿ ಇದು ಬೆಳೆದಿದೆ ಅಂತ ಗೊತ್ತಾದ ಕೂಡಲೇ ತಿಳಿಸಬೇಕು, ಬೇಕಂತಲೇ ತಿಳಿಸದಿದ್ದರೆ ಅದೂ ಅಪರಾಧ. ಗೊತ್ತಿದ್ದು ಜಾಗ ಬಿಟ್ಟುಕೊಟ್ಟರೆ 25ನೇ ಕಲಂ ಬರುತ್ತದೆ. ಕಲಬುರಗಿಯಲ್ಲೋ ಪುಣೆಯಲ್ಲೋ ಕೂತು ವರ್ಷಕ್ಕೊಮ್ಮೆ ಊರಿಗೆ ಬಂದು ಲಾವಣಿ ದುಡ್ಡು ತೆಗೆದುಕೊಂಡು ಹೋಗುವವರಿಗೆ ನನ್ನ ಸಲಹೆ ಇಷ್ಟೇ. ಲಾವಣಿಯನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಕಾಗದ ಮಾಡಿಸಿ. ಏನು ಬಿತ್ತುತ್ತಾನೆ ಅಂತ ಅದರಲ್ಲಿ ಬರೆಸಿ. ನವೆಂಬರ್‌ನಲ್ಲಿ ಒಂದು ಸಲ ಹೊಲದ ಒಳಗೆ ಹೋಗಿ ಬನ್ನಿ. ಗಿಡ ಕಂಡರೆ ನೀವೇ ಕಿತ್ತು ಸುಡಲು ಹೋಗಬೇಡಿ, ಠಾಣೆಗೆ ಲಿಖಿತ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಇಲ್ಲಿ ಸಿಗುವ ಗಾಂಜಾ ಎಲ್ಲಾ ಇಲ್ಲಿಯದೇನಾ?

ಅಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಕಲಬುರಗಿ ಜಿಲ್ಲೆಯ ಒಂದು ಕುರಿ ಫಾರ್ಮ್‌ನಲ್ಲಿ, ನೆಲದಡಿ ಮುಚ್ಚಿಟ್ಟಿದ್ದ 1,300 ಕಿಲೋಗೂ ಹೆಚ್ಚು ಗಾಂಜಾ ಹಿಡಿದರು. ಅದು ಒಡಿಶಾದಿಂದ ತರಕಾರಿ ಗಾಡಿಯಲ್ಲಿ ಬಂದ ಮಾಲು. ಒಡಿಶಾ-ಆಂಧ್ರ ಗಡಿಯ ಗುಡ್ಡದಿಂದ ಹೈದರಾಬಾದ್ ದಾಟಿ ಸೋಲಾಪುರ, ಪುಣೆ ಕಡೆ ಹೋಗುವ ಹೆದ್ದಾರಿ ನಮ್ಮ ಹುಮನಾಬಾದ್ ಮೇಲೇ ಹಾದು ಹೋಗುತ್ತದೆ. ಇದರಲ್ಲಿ ದುಡ್ಡು ಹಾಕಿದವರು ಎಂಥವರು ಅನ್ನೋದಕ್ಕೆ 2022ರ ಘಟನೆ ಸಾಕು. ಗಾಂಜಾ ಹೊಲ ಹುಡುಕಿಕೊಂಡು ಮಹಾರಾಷ್ಟ್ರ ಗಡಿಗೆ ಹೋದ ಕಲಬುರಗಿ ಜಿಲ್ಲೆಯ ಇನ್ಸ್‌ಪೆಕ್ಟರ್ ಮೇಲೆ ಗುಂಪು ಬಿದ್ದು, ಅವರನ್ನು ವಿಮಾನದಲ್ಲಿ ಬೆಂಗಳೂರಿಗೆ ಒಯ್ಯುವಷ್ಟು ಹೊಡೆದಿತ್ತು. ಗಾಂಜಾ ಅಂದರೆ ಹಾಡು ಕೇಳುತ್ತಾ ಕೂರುವ ಶಾಂತ ಜನ ಅಂತ ಬರೆಯುವವರು ಈ ಕಡೆಯನ್ನೂ ನೋಡಬೇಕು.

ತಿಂಥಣಿಯಲ್ಲಿ ಪ್ರಸಾದ ಅಂತ ಕೊಡುತ್ತಾರಂತೆ. ದೇವರ ಹೆಸರಲ್ಲಿ ಸೇದಿದರೆ ನಡೆಯುತ್ತಾ?

ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರದಲ್ಲಿ ಭಕ್ತರು ಗಾಂಜಾವನ್ನು ಪ್ರಸಾದದಂತೆ ಸ್ವೀಕರಿಸುವ ಬಗ್ಗೆ 2020ರಲ್ಲಿ ಇಂಗ್ಲಿಷ್ ಪತ್ರಿಕೆಗಳೂ ಬರೆದವು. ಆರೂಢ, ಅವಧೂತ ಪರಂಪರೆಯ ಕೆಲವು ಕಡೆ ಧ್ಯಾನಕ್ಕೆ ಸೇದುವ ಪದ್ಧತಿ ಇದೆ ಅನ್ನೋದು ನಮ್ಮ ಹಿರಿಯರಿಗೆ ಹೊಸ ಸುದ್ದಿಯೇನಲ್ಲ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಜಾಗ ಅದು, ಹಗುರವಾಗಿ ಮಾತಾಡುವುದು ಬೇಡ.

ಕಾನೂನಿನ ಪ್ರಶ್ನೆಗೆ ಉತ್ತರ ಚಿಕ್ಕದು. ಕಾಯ್ದೆಯಲ್ಲಿ ಧಾರ್ಮಿಕ ವಿನಾಯಿತಿ ಅನ್ನುವುದೇ ಇಲ್ಲ. ಮತ್ತೆ, ಮಠದ ಅಂಗಳದಲ್ಲಿ ಹಿರಿಯರು ವರ್ಷಕ್ಕೊಮ್ಮೆ ಚಿಲುಮೆ ಹಚ್ಚಿದ್ದನ್ನು ತೋರಿಸಿ, ಸೇಡಂ ರಸ್ತೆಯ ರೂಮಿನಲ್ಲಿ ದಿನಾ ರಾತ್ರಿ ಸೇದುವುದು "ನಮ್ಮ ಸಂಸ್ಕೃತಿ" ಅಂದರೆ ಯಾರು ನಂಬುತ್ತಾರೆ? ಆ ಪದ್ಧತಿಗೆ ಗುರು ಇದ್ದ, ದಿನ ಇತ್ತು, ಮಿತಿ ಇತ್ತು. ಪೊಟ್ಟಣ ಮಾರುವವನಿಗೆ ಇದ್ಯಾವುದೂ ಇಲ್ಲ.

ಕುಡಿತಕ್ಕಿಂತ ಗಾಂಜಾ ವಾಸಿ ಅಲ್ವಾ? ಅದಕ್ಕೆ ಲೈಸೆನ್ಸ್, ಇದಕ್ಕೆ ಜೈಲು, ಯಾವ ನ್ಯಾಯ?

ಪರ ಇರುವವರ ಅತಿ ಗಟ್ಟಿ ವಾದ ಇದು, ತಳ್ಳಿಹಾಕುವ ಹಾಗಿಲ್ಲ. ಹೆಚ್ಚು ಕುಡಿದು ಉಸಿರು ನಿಂತು ಸಾಯುವವರಿದ್ದಾರೆ, ಲಿವರ್ ಹೋಗಿ ಸಾಯುವವರಿದ್ದಾರೆ. ಬರೀ ಗಾಂಜಾ ಜಾಸ್ತಿಯಾಗಿ ಹಾಗೆ ಸಾಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ದೆಹಲಿಯ ಏಮ್ಸ್‌ನವರು ನಡೆಸಿ 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಭಾಂಗ್, ಗಾಂಜಾ, ಚರಸ್ ಎಲ್ಲ ಸೇರಿ ಬಳಸುವವರು ಸುಮಾರು 3.1 ಕೋಟಿ, ಅದರಲ್ಲೂ ಭಾಂಗ್‌ನವರೇ ಜಾಸ್ತಿ. ಗಾಂಜಾ ಥರದ ಅಮಲಿನಿಂದ ತೊಂದರೆಯಾಗಿ ಸಹಾಯ ಬೇಕಿರುವವರು ಸುಮಾರು 72 ಲಕ್ಷ.

ಆದರೆ ಈ ವಾದದಿಂದ ಹೊರಡುವ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಒಂದಕ್ಕೆ ಲೈಸೆನ್ಸ್ ಕೊಟ್ಟು ಏನಾಗಿದೆ ಅಂತ ನಮ್ಮ ಹಳ್ಳಿಗಳಲ್ಲಿ ಕಣ್ಣಾರೆ ನೋಡುತ್ತಿದ್ದೇವಲ್ಲ. 2007ರಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ಸ್ಯಾಚೆ ಬಂತು. ಲೈಸೆನ್ಸ್ ಇರುವುದು ಪಟ್ಟಣದ ವೈನ್ ಶಾಪ್‌ಗೆ, ಸಿಗುವುದು ಊರಿನ ಕಿರಾಣಿ ಅಂಗಡಿಯಲ್ಲಿ, ಚಹಾದ ಹೋಟೆಲ್‌ನಲ್ಲಿ. ಇದು ಸಾಕಪ್ಪಾ ಅಂತಲೇ 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. ಮದ್ಯ ನಿಷೇಧ ಮಾಡಿ ಅಂತ ಕೇಳಿದ ಆ ನಡಿಗೆಯಲ್ಲಿ ರಾಯಚೂರು ಕಡೆಯ ಬಡ ಹೆಂಗಸರು ಮುಂದೆ ಇದ್ದರು. ಗಾಂಜಾ ಲೈಸೆನ್ಸ್ ಬಗ್ಗೆ ಅಭಿಪ್ರಾಯ ಕೇಳುವುದಿದ್ದರೆ ನಾನು ಮೊದಲು ಅವರನ್ನು ಕೇಳುತ್ತೇನೆ.

ಸರ್ಕಾರಕ್ಕೆ ತೆರಿಗೆ ಬರುತ್ತಲ್ಲ?

ಬರುತ್ತದೆ. ಅದೇ ಭಯ. ಮದ್ಯದಿಂದ ರಾಜ್ಯಕ್ಕೆ ವರ್ಷಕ್ಕೆ 30 ಸಾವಿರ ಕೋಟಿಗೂ ಹೆಚ್ಚು ಬರುತ್ತದೆ. ಪ್ರತಿ ಬಜೆಟ್‌ನಲ್ಲಿ ಅಬಕಾರಿ ಗುರಿ ಏರುತ್ತದೆ, ಯಾವ ಪಕ್ಷ ಬಂದರೂ ಏರುತ್ತದೆ. ಒಂದು ಅಮಲಿನ ದುಡ್ಡಿನ ರುಚಿ ಹತ್ತಿದ ಸರ್ಕಾರ ಇನ್ನೊಂದನ್ನು ಮಿತಿಯಲ್ಲಿ ಇಡುತ್ತದೆ ಅಂತ ನಂಬಲು ನನಗೆ ಕಾರಣ ಕಾಣುವುದಿಲ್ಲ.

ಚಟ ಹತ್ತುತ್ತಾ? ತಲೆ ಕೆಡುತ್ತೆ ಅನ್ನೋದು ನಿಜಾನಾ?

ಚಟ ಹತ್ತುತ್ತದೆ. ಎಲ್ಲರಿಗೂ ಅಲ್ಲ. ಸಂಶೋಧಕರು ಹೇಳುವ ಅಂದಾಜು, ಬಳಸಿದವರಲ್ಲಿ ನೂರಕ್ಕೆ ಒಂಬತ್ತು ಜನಕ್ಕೆ. ಹದಿಹರೆಯದಲ್ಲೇ ಶುರು ಮಾಡಿದರೆ ಆರರಲ್ಲಿ ಒಬ್ಬರಿಗೆ. ಬಿಟ್ಟಾಗ ಹೆಂಡದ ಹಾಗೆ ಕೈ ನಡುಕ, ಫಿಟ್ಸ್ ಬರುವುದಿಲ್ಲ. ನಿದ್ದೆ ಬರಲ್ಲ, ಊಟ ಸೇರಲ್ಲ, ಸುಮ್ನೆ ಸುಮ್ನೆ ಸಿಟ್ಟು. ಒಂದೆರಡು ವಾರದಲ್ಲಿ ಇಳಿಯುತ್ತದೆ.

ತಲೆ ಕೆಡುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಾರೋ ಹಿಂದೆ ಬಿದ್ದಿದ್ದಾರೆ ಅನ್ನುವ ಅನುಮಾನ, ಕಿವಿಯಲ್ಲಿ ಮಾತು ಕೇಳುವುದು, ಇಂಥ ಮಾನಸಿಕ ಕಾಯಿಲೆಯ ಅಪಾಯ ದಿನಾ ಸೇದುವವರಲ್ಲಿ ಹೆಚ್ಚು, ಟಿಎಚ್‌ಸಿ ಜಾಸ್ತಿ ಇರುವ ಮಾಲಿನಲ್ಲಿ ಇನ್ನೂ ಹೆಚ್ಚು, ಮನೆತನದಲ್ಲಿ ಮೊದಲೇ ಯಾರಿಗಾದರೂ ಸ್ಕಿಜೋಫ್ರೇನಿಯಾ ಇದ್ದರೆ ಬಹಳ ಹೆಚ್ಚು. ಮೆದುಳು ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ಪಿಯುಸಿ ಹುಡುಗ ಸೇದುವುದಕ್ಕೂ ನಲವತ್ತರ ಮನುಷ್ಯ ಸೇದುವುದಕ್ಕೂ ವ್ಯತ್ಯಾಸ ಇರುವುದು ಅಲ್ಲಿ. ಒಂದು ಸಲ ಸೇದಿದವರೆಲ್ಲ ಹುಚ್ಚರಾಗುತ್ತಾರೆ ಅಂತ ಶಾಲೆಯಲ್ಲಿ ಹೆದರಿಸುವುದು ಮಾತ್ರ ಬೇಡ. ಹುಡುಗ ತನ್ನ ಗೆಳೆಯನಿಗೆ ಏನೂ ಆಗದ್ದನ್ನು ನೋಡುತ್ತಾನೆ, ನೀವು ಹೇಳಿದ ಉಳಿದ ನಿಜವನ್ನೂ ಆಮೇಲೆ ನಂಬುವುದಿಲ್ಲ.

ಕ್ಯಾನ್ಸರ್ ವಾಸಿಯಾಗುತ್ತೆ ಅಂತ ವಿಡಿಯೋ ಬರುತ್ತವಲ್ಲ?

ವಾಸಿಯಾಗುತ್ತದೆ ಅನ್ನೋದಕ್ಕೆ ಮನುಷ್ಯರಲ್ಲಿ ಪುರಾವೆ ಇಲ್ಲ. ಕೀಮೋ ಮಾಡಿಸಿದಾಗ ಬರುವ ವಾಂತಿ, ವಾಕರಿಕೆಗೆ ಟಿಎಚ್‌ಸಿ ಥರದ ಮಾತ್ರೆ ಕೆಲವು ದೇಶಗಳಲ್ಲಿ ಕೊಡುತ್ತಾರೆ. ಮಕ್ಕಳ ಎರಡು ಬಗೆಯ ಕಠಿಣ ಮೂರ್ಛೆ ರೋಗಕ್ಕೆ, ಅದೇ ಗಿಡದ, ಅಮಲು ಬರಿಸದ ಸಿಬಿಡಿ ಎಂಬ ಅಂಶದಿಂದ ಮಾಡಿದ ಎಪಿಡಿಯೊಲೆಕ್ಸ್ ಎಂಬ ಔಷಧಿಗೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಇದು ಅಳತೆ ಮಾಡಿ ತಯಾರಿಸಿದ ಔಷಧಿ, ಚಿಲುಮೆಯಲ್ಲಿ ಸಿಗುವುದಲ್ಲ. ಇಂಥ ಔಷಧಿಗೆ ದಾರಿ ತೆರೆಯಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ವಿಡಿಯೋ ನೋಡಿ ಚಿಕಿತ್ಸೆ ನಿಲ್ಲಿಸಬೇಡಿ. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಕೇಂದ್ರ ಇದೆ, ಅಲ್ಲಿ ಕೇಳಿ.

ಬೇರೆ ದೇಶಗಳಲ್ಲಿ ಬಿಟ್ಟ ಮೇಲೆ ಏನಾಯಿತು?

ಎರಡೂ ಕಡೆಯವರು ಹೇಳಿದಷ್ಟು ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಕೆನಡಾದಲ್ಲಿ ಸೇದಿದ್ದಕ್ಕೆ ಬೀಳುವ ಕೇಸುಗಳು ಇಲ್ಲವಾದವು, ಕಳ್ಳ ಮಾರುಕಟ್ಟೆ ಸಣ್ಣದಾಯಿತು, ಪೂರ್ತಿ ಹೋಗಲಿಲ್ಲ. ಗಾಂಜಾ ಮಿಠಾಯಿ ತಿಂದು ಆಸ್ಪತ್ರೆ ಸೇರುವ ಚಿಕ್ಕ ಮಕ್ಕಳು ಜಾಸ್ತಿಯಾದರು. ಜರ್ಮನಿ 2024ರ ಏಪ್ರಿಲ್‌ನಿಂದ ಹೊರಗೆ 25 ಗ್ರಾಂ, ಮನೆಯಲ್ಲಿ 50 ಗ್ರಾಂ, ಮೂರು ಗಿಡ ಅಂತ ಮಿತಿ ಹಾಕಿತು, ಅಂಗಡಿ ಇಡಲು ಬಿಡಲಿಲ್ಲ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಸರಿಯಾದ ನಿಯಮ ಬರೆಯುವ ಮೊದಲೇ ಬಾಗಿಲು ತೆಗೆಯಿತು. ಬೀದಿ ಬೀದಿಗೆ ಅಂಗಡಿ ಬಂದವು. 2025ರಲ್ಲಿ ವೈದ್ಯರ ಚೀಟಿ ಬೇಕು ಅಂತ ಮತ್ತೆ ಬಿಗಿ ಮಾಡಿದರು. ತೆಗೆದ ಬಾಗಿಲು ಮತ್ತೆ ಹಾಕುವಷ್ಟರಲ್ಲಿ ಸಾವಿರಾರು ಜನ ಅದರಲ್ಲಿ ದುಡ್ಡು ಹಾಕಿರುತ್ತಾರೆ. ನಮ್ಮಲ್ಲಿ ಆಗುವುದಿದ್ದರೆ ಥಾಯ್ಲೆಂಡ್ ಥರವೇ ಆಗುತ್ತದೆ ಅಂತ ನನ್ನ ಅನುಮಾನ.

ಉತ್ತರಾಖಂಡದಲ್ಲಿ ರೈತರಿಗೆ ಪರ್ಮಿಷನ್ ಇದೆಯಂತೆ. ನಮ್ಮ ರೈತರು ಯಾಕೆ ಬೆಳೆಯಬಾರದು?

ಅವರಿಗೆ ಬಿಟ್ಟಿರುವುದು ಹೆಂಪ್, ಅಂದರೆ ಟಿಎಚ್‌ಸಿ ಶೇಕಡಾ 0.3ಕ್ಕಿಂತ ಕಡಿಮೆ ಇರುವ ತಳಿ. ನಾರಿಗೆ, ಬೀಜಕ್ಕೆ. ಸೇದಿದರೆ ತಲೆನೋವು ಬಂದೀತು, ಅಮಲು ಬರುವುದಿಲ್ಲ. ಕಾಯ್ದೆಯ 14ನೇ ಕಲಂನಲ್ಲೇ ಇದಕ್ಕೆ ದಾರಿ ಇದೆ. ಹಿಮಾಚಲ ಪ್ರದೇಶವೂ 2023ರಲ್ಲಿ ಸಮಿತಿ ಮಾಡಿ, ವಿಶ್ವವಿದ್ಯಾಲಯಗಳ ಮೂಲಕ ಪ್ರಯೋಗಕ್ಕೆ ಕೈ ಹಾಕಿದೆ.

ಆದರೆ ಕಾಕಾ, ಲೆಕ್ಕ ಹಾಕಿ. ಪ್ರಮಾಣಿತ ಬೀಜ ಎಲ್ಲಿಂದ ತರುತ್ತೀರಿ? ಬೆಳೆದ ಮೇಲೆ ಪರೀಕ್ಷೆಯಲ್ಲಿ 0.3 ದಾಟಿದರೆ ಬೆಳೆ ನಾಶ ಮಾಡಬೇಕು. ಆ ನಷ್ಟ ಯಾರದು? ನಾರು ಕೊಳ್ಳುವ ಫ್ಯಾಕ್ಟರಿ ಹತ್ತಿರ ಎಲ್ಲಿದೆ? ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಅದರ ಬೆಲೆಯೇ ಇನ್ನೂ ರೈತನ ಕೈಗೆ ನೆಟ್ಟಗೆ ಬಂದಿಲ್ಲ. ಹೆಂಪ್ ಹೆಸರಲ್ಲಿ ಊರೂರಿಗೆ ಬಂದು ಮೊದಲೇ ದುಡ್ಡು ಕಟ್ಟಿಸಿಕೊಳ್ಳುವ ಕಂಪನಿ ಸಿಕ್ಕರೆ ಹುಷಾರು. ಕೃಷಿ ವಿಶ್ವವಿದ್ಯಾಲಯದವರು ನಮ್ಮ ಕರಿ ಮಣ್ಣಿನಲ್ಲಿ ನಾಲ್ಕಾರು ವರ್ಷ ಬೆಳೆದು ನೋಡಿ ಹೇಳಲಿ, ಆಮೇಲೆ ನೋಡೋಣ.

ಕರ್ನಾಟಕ ಸರ್ಕಾರ ಒಂದೇ ತೀರ್ಮಾನ ಮಾಡಬಹುದಾ?

ಹೆಂಪ್, ಔಷಧಿ, ಸಂಶೋಧನೆಗೆ ರಾಜ್ಯ ನಿಯಮ ಮಾಡಬಹುದು. ಸೇದುವವನಿಗೆ ಶಿಕ್ಷೆ ತೆಗೆಯುವುದು ಸಂಸತ್ತಿನ ಕೆಲಸ. ಪಂಜಾಬಿನ ಸಂಸದ ಧರ್ಮವೀರ ಗಾಂಧಿ ಹಿಂದೆ ಖಾಸಗಿ ಮಸೂದೆ ತರಲು ಹೊರಟಿದ್ದರು, ಅದು ಎಲ್ಲೂ ಮುಟ್ಟಲಿಲ್ಲ. 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ, ಸ್ವಂತ ಬಳಕೆಗೆ ಸ್ವಲ್ಪ ಇಟ್ಟುಕೊಂಡವರನ್ನು ಜೈಲಿಗೆ ಕಳಿಸದೆ ಚಿಕಿತ್ಸೆಗೆ ಕಳಿಸಿ ಅಂತ ಸಲಹೆ ಕೊಟ್ಟ ಸುದ್ದಿ ಬಂತು. ಕಾಯ್ದೆ ಮಾತ್ರ ಬದಲಾಗಲಿಲ್ಲ.

ಪೊಲೀಸರು ದಾರಿಯಲ್ಲಿ ನಿಲ್ಲಿಸಿ ಜೇಬು ನೋಡಿದರೆ ನನ್ನ ಹಕ್ಕೇನು?

50ನೇ ಕಲಂ ಪ್ರಕಾರ, ಮೈ ತಪಾಸಣೆ ಮಾಡುವ ಮೊದಲು ನಿಮ್ಮನ್ನು ಹತ್ತಿರದ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಕರೆದೊಯ್ಯಿರಿ ಅಂತ ಕೇಳುವ ಹಕ್ಕು ಇದೆ. ಆ ಹಕ್ಕು ಇದೆ ಅಂತ ಅವರೇ ನಿಮಗೆ ಹೇಳಬೇಕು. ಇದು ಮೈಗೆ ಮಾತ್ರ, ಬ್ಯಾಗಿಗೆ, ಬೈಕಿನ ಡಿಕ್ಕಿಗೆ ಅಲ್ಲ. ಹೆಣ್ಣುಮಕ್ಕಳನ್ನು ಹೆಂಗಸರೇ ತಪಾಸಣೆ ಮಾಡಬೇಕು. ಪಂಚನಾಮೆಗೆ ಸಹಿ ಹಾಕುವ ಮೊದಲು ಓದಿ, ತೂಕ ಎಷ್ಟು ಬರೆದಿದ್ದಾರೆ ನೋಡಿ. 990 ಗ್ರಾಂಗೂ 1,010 ಗ್ರಾಂಗೂ ನಡುವೆ ಒಂಬತ್ತು ವರ್ಷ ಇದೆ.

ನನ್ನ ಮಗ ಸೇದುತ್ತಾನೆ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸ್ ಕೇಸು ಆಗುತ್ತಾ?

ಇಲ್ಲ ಅಕ್ಕ, ಚಿಕಿತ್ಸೆಗೆ ಬಂದವನನ್ನು ಹಿಡಿದುಕೊಡುವುದು ಡಾಕ್ಟರ ಕೆಲಸ ಅಲ್ಲ. ಕಾಯ್ದೆಯಲ್ಲೇ 64ಎ ಅನ್ನುವ ಕಲಂ ಇದೆ. ಚಟಕ್ಕೆ ಬಿದ್ದವನು ಸೇದಿದ ಕೇಸಿಗೋ ಸಣ್ಣ ಪ್ರಮಾಣದ ಕೇಸಿಗೋ ಸಿಕ್ಕಿಬಿದ್ದು, ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡರೆ ಆ ಕೇಸಿನಿಂದ ರಕ್ಷಣೆ ಇದೆ. ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗುತ್ತದೆ. ಇಷ್ಟು ಒಳ್ಳೆಯ ಕಲಂ ಬಗ್ಗೆ ಜಾಗೃತಿ ಜಾಥಾಗಳಲ್ಲಿ ಯಾರೂ ಹೇಳುವುದಿಲ್ಲ, ಬರೀ ಘೋಷಣೆ ಕೂಗಿಸುತ್ತಾರೆ.

ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ಬೋಧನಾ ಆಸ್ಪತ್ರೆಗಳು, ಮನೋರೋಗ ವಿಭಾಗಕ್ಕೆ ಹೋಗಿ. ಮೊದಲು ಫೋನಿನಲ್ಲೇ ಮಾತಾಡಬೇಕು ಅನಿಸಿದರೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡೂ ಉಚಿತ. ರೂಮಿನಲ್ಲಿ ಕೂಡಿಹಾಕುವುದು, ನಾಲ್ಕು ಜನರ ಮುಂದೆ ಹೊಡೆಯುವುದು, "ಮದುವೆ ಮಾಡಿದರೆ ಸರಿಹೋಗ್ತಾನೆ" ಅನ್ನೋದು ಬೇಡ. ಮೂರನೆಯದಂತೂ ಬೇಡವೇ ಬೇಡ, ಪಾಪದ ಇನ್ನೊಂದು ಹೆಣ್ಣುಮಗಳು ಸಿಕ್ಕಿಹಾಕಿಕೊಳ್ಳುತ್ತಾಳೆ. ಯಾರು ತಂದುಕೊಡುತ್ತಾರೆ ಅಂತ ಗೊತ್ತಾದರೆ ಹೆಸರು ಹೇಳದೆ ಮಾದಕ ವಸ್ತು ಸಹಾಯವಾಣಿ 1933ಕ್ಕೆ ತಿಳಿಸಬಹುದು. 18 ತುಂಬದ ಮಗುವಿಗೆ ಅಮಲು ಕೊಟ್ಟವನಿಗೆ ಬಾಲನ್ಯಾಯ ಕಾಯ್ದೆಯಲ್ಲೂ ಏಳು ವರ್ಷದವರೆಗೆ ಶಿಕ್ಷೆ ಇದೆ.

ಮೂತ್ರ ಪರೀಕ್ಷೆಯಲ್ಲಿ ಎಷ್ಟು ದಿನ ಗೊತ್ತಾಗುತ್ತೆ?

ಅಪರೂಪಕ್ಕೆ ಸೇದಿದ್ದರೆ ಮೂರ್ನಾಲ್ಕು ದಿನ, ದಿನಾ ಸೇದುವವರಲ್ಲಿ ತಿಂಗಳವರೆಗೂ. ಹೆಂಡದ ಹಾಗೆ ಮರುದಿನ ಇಳಿಯುವುದಿಲ್ಲ, ಇದು ಕೊಬ್ಬಿನಲ್ಲಿ ಕೂರುತ್ತದೆ. ಹಾಗಾಗಿ ಪಾಸಿಟಿವ್ ಬಂತು ಅಂದರೆ ಆ ಹೊತ್ತಿಗೆ ಅಮಲಿನಲ್ಲಿದ್ದ ಅಂತಲ್ಲ. ಮಜ್ಜಿಗೆ, ನಿಂಬೆಹಣ್ಣು ಕುಡಿದು ತೊಳೆಯುತ್ತೇನೆ ಅನ್ನೋದೆಲ್ಲ ಸುಳ್ಳು. ಮತ್ತೆ, ಸೇದಿ ಗಾಡಿ ಓಡಿಸುವುದು ಮೋಟಾರು ವಾಹನ ಕಾಯ್ದೆಯಲ್ಲಿ ಕುಡಿದು ಓಡಿಸಿದಷ್ಟೇ ತಪ್ಪು.

ಆನ್‌ಲೈನ್‌ನಲ್ಲಿ ಹೆಂಪ್ ಬೀಜ, ಹೆಂಪ್ ಎಣ್ಣೆ ಮಾರುತ್ತಾರೆ. ತರಿಸಿದರೆ ಕೇಸು ಆಗುತ್ತಾ?

ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟನ್ನು ಆಹಾರವಾಗಿ ಮಾರಲು ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2021ರಲ್ಲಿ ಒಪ್ಪಿಗೆ ಕೊಟ್ಟಿದೆ, ಟಿಎಚ್‌ಸಿ ಇಷ್ಟಕ್ಕಿಂತ ಹೆಚ್ಚಿರಬಾರದು ಅಂತ ಮಿತಿ ಹಾಕಿದೆ. ಪ್ಯಾಕೆಟ್ ಮೇಲೆ ಲೈಸೆನ್ಸ್ ನಂಬರ್ ನೋಡಿ ತರಿಸಿ. ಚಟ್ನಿಪುಡಿ ಮಾಡಿದರೆ ಚೆನ್ನಾಗಿರುತ್ತದೆ ಅಂತಾರೆ. ನಮ್ಮ ಗುರೆಳ್ಳು, ಅಗಸಿ ಇರುವಾಗ ಅಷ್ಟು ದುಡ್ಡು ಕೊಟ್ಟು ಅದನ್ನು ಯಾಕೆ ತರಿಸಬೇಕು ಅನ್ನೋದು ನನಗೆ ಅರ್ಥ ಆಗಿಲ್ಲ. ಆ ಬೀಜ ಹಿತ್ತಲಲ್ಲಿ ಚೆಲ್ಲಿ ಮೊಳಕೆ ಬರುತ್ತಾ ಅಂತ ಮಾತ್ರ ನೋಡಲು ಹೋಗಬೇಡಿ.